ಹಳ್ಳಿಗೆ ಆಂಬುಲೆನ್ಸ್: ಖರ್ಚು ಮತ್ತು ವ್ಯವಸ್ಥೆ

(ತಿಪಟೂರು ತಾಲ್ಲೂಕು ಹಾಲ್ಕುರಿಕೆಯಲ್ಲಿ ಸೇರಿದ್ದ ತೆಂಗು ಬೆಳೆಗಾರರ ಮುಂದೆ ಮಾಡಿದ ಭಾಷಣದ ಬರಹ ರೂಪ)



ನಾನು ಈ ಭಾಗಕ್ಕೆ ಬಂದಾಗಲೆಲ್ಲ ತೆಂಗಿನ ನುಸಿ, ಕಪ್ಪುತಲೆ ಹುಳು, ಅಣಬೆ ರೋಗ ಇವುಗಳ ಬಗ್ಗೆ ಮಾತನಾಡುವುದು ರೂಢಿ. ಕಳೆದ ಸಲ ಮಾತು ಮುಗಿದ ಮೇಲೆ ಹಿರಿಯರೊಬ್ಬರು ಎದ್ದು ನಿಂತು ಕೇಳಿದರು: “ಸ್ವಾಮಿ, ಮರಕ್ಕೆ ರೋಗ ಬಂದರೆ ಏನು ಮಾಡಬೇಕೆಂದು ಹೇಳಿದಿರಿ. ಮರ ಹತ್ತಿದವನು ಬಿದ್ದರೆ ಏನು ಮಾಡಬೇಕು? ನಾವು ನಾಲ್ಕು ಹಳ್ಳಿಯವರು ಸೇರಿ ಒಂದು ಆಂಬುಲೆನ್ಸ್ ಕೊಂಡರೆ ಹೇಗೆ?”

ಅಂದು ನನ್ನಲ್ಲಿ ಉತ್ತರ ಇರಲಿಲ್ಲ. ಮುಂದಿನ ಸಲ ಲೆಕ್ಕ ಹಾಕಿಕೊಂಡು ಬರುತ್ತೇನೆ ಎಂದು ಹೇಳಿ ಹೋಗಿದ್ದೆ. ವೈದ್ಯರನ್ನು ಕೇಳಿ, ಆಂಬುಲೆನ್ಸ್ ಓಡಿಸುವವರನ್ನು ಕೇಳಿ, ಕಾನೂನಿನ ಪುಸ್ತಕವನ್ನೂ ನೋಡಿಕೊಂಡು ಇಂದು ಬಂದಿದ್ದೇನೆ. ಆದುದರಿಂದ ಈ ದಿನ ಮರದ ಮಾತನ್ನು ಬದಿಗಿಟ್ಟು ಮನುಷ್ಯನ ಮಾತನ್ನು ಆಡೋಣ.

ಪ್ರಶ್ನೆ ಹುಟ್ಟಿದ ಬಗೆ

ಆ ಹಿರಿಯರ ಪ್ರಶ್ನೆಗೆ ಕಾರಣವಿತ್ತು. ಅವರ ಪಕ್ಕದ ಹಳ್ಳಿಯಲ್ಲಿ ಒಬ್ಬರು ಕಾಯಿ ಕೆಡವಲು ಹತ್ತಿದ್ದ ಮರದಿಂದ ಬಿದ್ದಿದ್ದರು. ಅವರಿಗೆ ಐವತ್ತರ ಹತ್ತಿರದ ವಯಸ್ಸು, ಮರ ಹತ್ತುವುದರಲ್ಲಿ ಮೂವತ್ತು ವರ್ಷದ ಅನುಭವ. ಸಂಜೆ ನಾಲ್ಕು ಗಂಟೆಯ ಸಮಯ. ತೋಟದಲ್ಲಿದ್ದ ಇಬ್ಬರು ಗಾಬರಿಯಿಂದ ಓಡಿ ಬಂದು, ಒಬ್ಬರು ತೋಳು, ಒಬ್ಬರು ಕಾಲು ಹಿಡಿದು ಎತ್ತಿ, ಕಾಯಿ ಸಾಗಿಸುವ ಗೂಡ್ಸ್ ಆಟೋದಲ್ಲಿ ಮಲಗಿಸಿ ಪಟ್ಟಣಕ್ಕೆ ಕರೆದುಕೊಂಡು ಹೋದರು. ಅಲ್ಲಿ ನೋಡಿದ ವೈದ್ಯರು ಬೆನ್ನುಮೂಳೆಗೆ ಪೆಟ್ಟಾಗಿದೆ, ಬೆಂಗಳೂರಿಗೆ ಕರೆದುಕೊಂಡು ಹೋಗಬೇಕು ಎಂದರು. ಆಗ ರಾತ್ರಿ ಎಂಟು ಗಂಟೆ. ಹೊರಗೆ ನಿಂತಿದ್ದ ಖಾಸಗಿ ಗಾಡಿಯವನು ಹಣ ಮುಂಗಡ ಕೇಳಿದ. ಮಗನ ಕೈಯಲ್ಲಿ ಅಷ್ಟು ಹಣವಿರಲಿಲ್ಲ. ಇದ್ದದ್ದು ಮನೆಯ ಅಟ್ಟದ ಮೇಲೆ ಮೂರು ಸಾವಿರ ಕಾಯಿ. ಅವು ಉಂಡೆ ಕೊಬ್ಬರಿಯಾಗಲು ಇನ್ನೂ ನಾಲ್ಕು ತಿಂಗಳು ಬೇಕಾಗಿತ್ತು. ಮಗ ಮಂಡಿಯವರಿಗೆ ಫೋನ್ ಮಾಡಿ, ಅವರು ಹೇಳಿದ ಬೆಲೆಗೆ ಒಪ್ಪಿ, ಹಣ ತರಿಸಿಕೊಂಡ.

ತಂದೆ ಬದುಕಿದ್ದಾರೆ. ಆದರೆ ಸೊಂಟದಿಂದ ಕೆಳಗೆ ಸ್ವಾಧೀನವಿಲ್ಲ. ಮರದಿಂದ ಬಿದ್ದಾಗಲೇ ನರಕ್ಕೆ ಪೆಟ್ಟಾಯಿತೋ, ತೋಳು ಕಾಲು ಹಿಡಿದು ಎತ್ತಿದಾಗ ಆಯಿತೋ ಯಾರೂ ಹೇಳಲಾರರು. ಆ ಒಂದು ರಾತ್ರಿಯಲ್ಲಿ ಮನೆಯ ಯಜಮಾನ ಮಲಗಿದರು, ವರ್ಷದ ಅಟ್ಟವೂ ಇಳಿಯಿತು.

ಈ ಘಟನೆಯಲ್ಲಿ ಯಾರದೂ ಕೆಟ್ಟ ಬುದ್ಧಿಯಿರಲಿಲ್ಲ. ಎಲ್ಲರೂ ಓಡಾಡಿದರು. ಇಲ್ಲದೇ ಹೋದದ್ದು ಮೊದಲೇ ಮಾಡಿಟ್ಟುಕೊಂಡ ವ್ಯವಸ್ಥೆ.

ರೋಗಿಯ ಮೂರು ಪ್ರಯಾಣಗಳು

ಆಂಬುಲೆನ್ಸ್ ಎಂದ ಕೂಡಲೇ ನಾವು ಒಂದೇ ಪ್ರಯಾಣವನ್ನು ನೆನೆಯುತ್ತೇವೆ. ಸರಿಯಾಗಿ ನೋಡಿದರೆ ಪ್ರಯಾಣಗಳು ಮೂರು. ಮೊದಲನೆಯದು ತೋಟದಿಂದ ಅಥವಾ ಮನೆಯಿಂದ ಹತ್ತಿರದ ಆಸ್ಪತ್ರೆಗೆ. ಎರಡನೆಯದು ಆ ಆಸ್ಪತ್ರೆಯಿಂದ ತುಮಕೂರಿಗೋ, ಹಾಸನಕ್ಕೋ, ಬೆಂಗಳೂರಿಗೋ. ಮೂರನೆಯದು ಅಲ್ಲಿಂದ ಮನೆಗೆ. ಈ ಮೂರಕ್ಕೂ ಖರ್ಚು ಬೇರೆ, ವ್ಯವಸ್ಥೆ ಬೇರೆ. ಮೂರನ್ನೂ ಒಂದೇ ಎಂದು ತಿಳಿದರೆ ಲೆಕ್ಕ ತಪ್ಪುತ್ತದೆ.

ಮೊದಲನೆಯ ಪ್ರಯಾಣಕ್ಕೆ ನಮ್ಮ ರಾಜ್ಯದಲ್ಲಿ 108 ಇದೆ. ಹಿಂದಿನ ಕಾಲದಲ್ಲಿ ರೋಗಿಯನ್ನು ಹೊರಸಿನ ಮೇಲೆ ಹೊತ್ತು, ಇಲ್ಲವೆ ಗಾಡಿಗೆ ಹುಲ್ಲು ಹಾಸಿ ಮಲಗಿಸಿ ಸಾಗಿಸುತ್ತಿದ್ದುದನ್ನು ನಿಮ್ಮಲ್ಲಿ ವಯಸ್ಸಾದವರು ಕಂಡಿದ್ದೀರಿ. ದೂರವಾಣಿಯ ಒಂದೇ ಸಂಖ್ಯೆಗೆ ಕರೆ ಮಾಡಿದರೆ ವಾಹನ ಬರುವ ಈ ಕ್ರಮ 2005ರಲ್ಲಿ ಹೈದರಾಬಾದಿನಲ್ಲಿ ಆರಂಭವಾಯಿತು. ಕರ್ನಾಟಕದಲ್ಲಿ 2008ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನ, ‘ಆರೋಗ್ಯ ಕವಚ’ ಎಂಬ ಹೆಸರಿನಿಂದ ಜಾರಿಗೆ ಬಂತು. ಇದಕ್ಕೆ ರೋಗಿಯ ಕಡೆಯವರು ಹಣ ಕೊಡಬೇಕಾಗಿಲ್ಲ.

ಬಸುರಿ, ಬಾಣಂತಿಯರಿಗೆ ಮೂರೂ ಪ್ರಯಾಣ ಉಚಿತ. 2011ರ ಜೂನ್ 1ರಂದು ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಮನೆಯಿಂದ ಸರ್ಕಾರಿ ಆಸ್ಪತ್ರೆಗೆ, ಅಗತ್ಯವಿದ್ದರೆ ಅಲ್ಲಿಂದ ದೊಡ್ಡ ಆಸ್ಪತ್ರೆಗೆ, ಹೆರಿಗೆಯ ನಂತರ ಮನೆಗೆ ವಾಹನ ಒದಗಿಸಬೇಕೆಂದಿದೆ. ಕಾಯಿಲೆಯ ಹಸುಗೂಸಿಗೂ ಇದು ಅನ್ವಯಿಸುತ್ತದೆ. ಆಸ್ಪತ್ರೆಯಲ್ಲಿ ಕೇಳಿ ಪಡೆಯಿರಿ. ಕೇಳದೆ ಬಾಡಿಗೆ ಗಾಡಿ ಮಾಡಿಕೊಂಡು ಬರುವವರು ಈಗಲೂ ಇದ್ದಾರೆ.

ನಿಂತಿರುವುದಕ್ಕೆ ಆಗುವ ಖರ್ಚು

ಈಗ ಮುಖ್ಯ ಪ್ರಶ್ನೆಗೆ ಬರೋಣ. ನಾಲ್ಕು ಹಳ್ಳಿಯವರು ಸೇರಿ ಆಂಬುಲೆನ್ಸ್ ಕೊಳ್ಳಬಹುದೇ? ಟ್ರ್ಯಾಕ್ಟರ್ ಕೊಳ್ಳುವ ಮೊದಲು ನಾವು ಹೇಗೆ ಲೆಕ್ಕ ಹಾಕುತ್ತೇವೆಯೋ ಹಾಗೆಯೇ ಹಾಕೋಣ. ಇಲ್ಲಿ ಹೇಳುವ ಮೊತ್ತಗಳು ಲೆಕ್ಕಕ್ಕಾಗಿ ಹಿಡಿದುಕೊಂಡವು. ನಿಮ್ಮ ಕಡೆಯ ದರ ಹಾಕಿ ನೀವೇ ಮತ್ತೊಮ್ಮೆ ಮಾಡಿ ನೋಡಬಹುದು.

ವಾಹನ ಮತ್ತು ಅದರೊಳಗಿನ ಸಲಕರಣೆಗೆ 12 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳೋಣ. ಎಂಟು ವರ್ಷ ಬಾಳಿದರೆ ವರ್ಷಕ್ಕೆ 1,50,000 ರೂ. ಸವಕಳಿ. ಅಪಘಾತಕ್ಕೆ ಹೊತ್ತಿಲ್ಲ, ಆದುದರಿಂದ ಹಗಲು ರಾತ್ರಿ ಚಾಲಕರು ಬೇಕು. ಪಾಳಿಯಂತೆ ಮೂವರು, ತಲಾ ತಿಂಗಳಿಗೆ 18,000 ರೂ. ಎಂದರೆ ವರ್ಷಕ್ಕೆ 6,48,000 ರೂ. ದಾರಿಯಲ್ಲಿ ರೋಗಿಯನ್ನು ನೋಡಿಕೊಳ್ಳಲು ತರಬೇತಾದ ಸಹಾಯಕರು ಮೂವರು, ಅವರಿಗೂ 6,48,000 ರೂ. ವಿಮೆ, ಎಫ್.ಸಿ., ಟೈರು, ರಿಪೇರಿ, ಆಮ್ಲಜನಕ, ಔಷಧಿ ಇವುಗಳಿಗೆ 1,50,000 ರೂ. ಒಟ್ಟು ವರ್ಷಕ್ಕೆ 15,96,000 ರೂ. ಆಯಿತು. ಗಾಡಿ ಇನ್ನೂ ಒಂದು ಮಾರು ಮುಂದೆ ಹೋಗಿಲ್ಲ, ಆಗಲೇ ದಿನಕ್ಕೆ ಸುಮಾರು 4,370 ರೂ. ಖರ್ಚು.

ಇನ್ನು ಓಡುವ ಖರ್ಚು. ಹೋಗಿ ಬರಲು 40 ಕಿ.ಮೀ. ಎಂದರೆ, ಲೀಟರಿಗೆ 10 ಕಿ.ಮೀ. ಲೆಕ್ಕದಲ್ಲಿ 4 ಲೀಟರ್ ಡೀಸೆಲ್. ಲೀಟರಿಗೆ 90 ರೂ. ಹಿಡಿದರೆ 360 ರೂ. ಅಷ್ಟೇ.

ಇದನ್ನು ಗಮನಿಸಬೇಕು. ಆಂಬುಲೆನ್ಸ್ ಓಡುವುದಕ್ಕೆ ಆಗುವ ಖರ್ಚಿಗಿಂತ ಸಿದ್ಧವಾಗಿ ನಿಂತಿರುವುದಕ್ಕೆ ಆಗುವ ಖರ್ಚೇ ಬಹಳ ಹೆಚ್ಚು. ನಿಮ್ಮ ನಾಲ್ಕು ಹಳ್ಳಿಗೆ ವಾರಕ್ಕೊಂದು ಕರೆ ಬಂದರೆ, ವರ್ಷದ 15,96,000 ರೂಪಾಯಿಯನ್ನು 52 ಕರೆಗೆ ಹಂಚಬೇಕು. ಒಂದು ಸಲಕ್ಕೆ 30,000 ರೂಪಾಯಿಗೂ ಮೀರುತ್ತದೆ. ಅದೇ ಗಾಡಿ ದೊಡ್ಡ ಪ್ರದೇಶಕ್ಕೆ ಸೇವೆ ಮಾಡಿ ದಿನಕ್ಕೆ ನಾಲ್ಕು ಕರೆಗೆ ಹೋದರೆ ಒಂದು ಸಲಕ್ಕೆ ಸುಮಾರು 1,100 ರೂ. ಬೀಳುತ್ತದೆ. ಗಾಡಿ ಅದೇ, ಸಂಬಳ ಅದೇ. ಹಂಚಿಕೊಳ್ಳುವವರ ಸಂಖ್ಯೆ ಮಾತ್ರ ಬೇರೆ.

ಆದುದರಿಂದ ಆ ಹಿರಿಯರಿಗೆ ನನ್ನ ಉತ್ತರ: ಕೊಳ್ಳಬೇಡಿ. ದಾನಿಗಳು ಗಾಡಿಯನ್ನೇ ಉಚಿತವಾಗಿ ಕೊಟ್ಟರೂ ಯೋಚಿಸಿ. ಮೇಲಿನ ಲೆಕ್ಕದಲ್ಲಿ ಗಾಡಿಯ ಬೆಲೆ ಹತ್ತರಲ್ಲಿ ಒಂದು ಪಾಲೂ ಇಲ್ಲ. ಉಳಿದದ್ದರಲ್ಲಿ ಹೆಚ್ಚಿನದು ಸಂಬಳ. ಉದ್ಘಾಟನೆಯಾಗಿ, ಚಾಲಕನಿಗೆ ಸಂಬಳವಿಲ್ಲದೆ, ಟೈರು ಕುಳಿತು, ಕಟ್ಟಡದ ಹಿಂದೆ ನಿಂತ ಗಾಡಿಗಳನ್ನು ನಾನು ಕಂಡಿದ್ದೇನೆ. ಗಾಡಿ ಇದೆ ಎಂಬ ಧೈರ್ಯದಲ್ಲಿ ಜನ ಬೇರೆ ದಾರಿ ನೋಡಿಕೊಂಡಿರುವುದಿಲ್ಲ. ಅದು ಗಾಡಿ ಇಲ್ಲದಿರುವುದಕ್ಕಿಂತ ಕೆಟ್ಟದ್ದು.

ನೀರಗಂಟಿಯ ಆಯ

ನಿಂತಿರುವುದಕ್ಕೆ ಏಕೆ ಕೊಡಬೇಕು ಎಂದು ಕೆಲವರಿಗೆ ಅನ್ನಿಸಬಹುದು. ಇದು ನಮಗೆ ಹೊಸದೇನೂ ಅಲ್ಲ. ನಮ್ಮ ಹಿರಿಯರು ಕೆರೆಯ ನೀರಗಂಟಿಗೆ, ತೋಟಿ ತಳವಾರರಿಗೆ ಸುಗ್ಗಿಯ ಕಾಲದಲ್ಲಿ ಕಣದಲ್ಲೇ ಆಯ ಅಳೆದು ಕೊಡುತ್ತಿದ್ದರು. ಈ ವರ್ಷ ನನ್ನ ಗದ್ದೆಗೆ ಎಷ್ಟು ಸಲ ತೂಬು ಎತ್ತಿದೆ, ನನ್ನ ಮನೆಗೆ ಎಷ್ಟು ಕಳ್ಳರು ಬಂದಿದ್ದರು ಎಂದು ಲೆಕ್ಕ ಕೇಳುತ್ತಿರಲಿಲ್ಲ. ರಾತ್ರಿ ಮಳೆ ಹೊಯ್ದು ಕೆರೆ ತುಂಬಿದಾಗ ಏರಿಯ ಮೇಲೆ ಒಬ್ಬ ಎಚ್ಚರವಾಗಿದ್ದಾನೆ ಎಂಬುದಕ್ಕೆ ಊರೆಲ್ಲ ಸೇರಿ ಕೊಡುತ್ತಿದ್ದ ಪಾಲು ಅದು. 108 ಕೂಡ ಅಂಥದೇ. ಅದಕ್ಕೆ ಆಯ ನಮ್ಮ ತೆರಿಗೆಯಿಂದ ಹೋಗುತ್ತದೆ. ‘ಉಚಿತ’ ಎಂದರೆ ಆ ರಾತ್ರಿ ರೋಗಿಯ ಮನೆಯವರ ಕೈಯಿಂದ ಕೇಳುವುದಿಲ್ಲ ಎಂದು ಅರ್ಥ. ನಾವೆಲ್ಲರೂ ಮೊದಲೇ ಕೊಟ್ಟಿದ್ದೇವೆ. ಕೊಟ್ಟವರಿಗೆ ಕೇಳುವ ಹಕ್ಕೂ ಇದೆ.

ಎರಡನೆಯ ಪ್ರಯಾಣದ ಕಷ್ಟ

ರೈತರ ಅಟ್ಟ ಇಳಿಯುವುದು ಹೆಚ್ಚಾಗಿ ಎರಡನೆಯ ಪ್ರಯಾಣದಲ್ಲಿ. ಇದರ ಕಾರಣವನ್ನೂ ತಿಳಿಯೋಣ. ಒಂದು ಲಕ್ಷ ಜನಕ್ಕೆ ಒಂದು ಸಾಧಾರಣ ಆಂಬುಲೆನ್ಸ್, ಐದು ಲಕ್ಷ ಜನಕ್ಕೆ ಹೆಚ್ಚಿನ ಸಲಕರಣೆಯ ಒಂದು ಆಂಬುಲೆನ್ಸ್ ಎಂಬುದು ರಾಷ್ಟ್ರೀಯ ಆರೋಗ್ಯ ಅಭಿಯಾನದ ಮಾನದಂಡ. ತಿಪಟೂರಿನಂತಹ, ಎರಡು ಲಕ್ಷದ ಆಸುಪಾಸಿನ ಜನರಿರುವ ತಾಲ್ಲೂಕಿಗೆ ಆ ಲೆಕ್ಕದಲ್ಲಿ ಬರುವುದು ಎರಡು. ತಿಪಟೂರಿನಿಂದ ತುಮಕೂರು ಸುಮಾರು 70 ಕಿ.ಮೀ. ರೋಗಿಯನ್ನು ಒಯ್ದು, ಒಪ್ಪಿಸಿ, ಮರಳಿ ಬರಲು ನಾಲ್ಕು ಗಂಟೆಯಾದರೂ ಬೇಕು. ಒಂದು ಗಾಡಿ ತುಮಕೂರಿಗೆ ಹೋದರೆ ಆ ನಾಲ್ಕು ಗಂಟೆ ಅರ್ಧ ತಾಲ್ಲೂಕು ಬರಿದಾದಂತೆ. ಬೆಂಗಳೂರಿಗಾದರೆ ಒಂದು ಪೂರ್ತಿ ಪಾಳಿಯೇ ಮುಗಿಯುತ್ತದೆ. ಗಾಡಿ ಕಳಿಸಲು ಹಿಂಜರಿಯುವವರ ಕಷ್ಟ ಇದು. ಆದರೆ ಅದರ ಭಾರ ಬೀಳುವುದು ಬಡವರ ಮೇಲೆ.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. 1992ರಲ್ಲಿ ಪಶ್ಚಿಮ ಬಂಗಾಳದಲ್ಲಿ ಒಬ್ಬ ಕೃಷಿ ಕೂಲಿಕಾರ ರೈಲಿನಿಂದ ಬಿದ್ದು ತಲೆಗೆ ಪೆಟ್ಟಾಯಿತು. ಒಂದಾದ ಮೇಲೊಂದು ಸರ್ಕಾರಿ ಆಸ್ಪತ್ರೆಗೆ ಒಯ್ದರೂ ಹಾಸಿಗೆ ಇಲ್ಲ, ಸೌಲಭ್ಯ ಇಲ್ಲ ಎಂದು ಸೇರಿಸಿಕೊಳ್ಳಲಿಲ್ಲ. ಕೊನೆಗೆ ಖಾಸಗಿ ಆಸ್ಪತ್ರೆಯಲ್ಲಿ ಹಣ ತೆತ್ತು ಚಿಕಿತ್ಸೆ ಪಡೆದ. ಕೃಷಿ ಕೂಲಿಕಾರರ ಸಂಘ ಆತನ ಪರವಾಗಿ ಸುಪ್ರೀಂ ಕೋರ್ಟಿಗೆ ಹೋಯಿತು. 1996ರ ಮೇ ತಿಂಗಳಲ್ಲಿ ಬಂದ ತೀರ್ಪು, ತುರ್ತು ಚಿಕಿತ್ಸೆ ಬದುಕುವ ಹಕ್ಕಿನಲ್ಲೇ ಸೇರಿದೆ, ಹಣವಿಲ್ಲ ಎಂಬ ನೆಪ ಹೇಳಿ ಸರ್ಕಾರ ಅದರಿಂದ ನುಣುಚಿಕೊಳ್ಳುವಂತಿಲ್ಲ ಎಂದು ಹೇಳಿತು. ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಜಿಲ್ಲಾಸ್ಪತ್ರೆಗೆ, ಅಲ್ಲಿಂದ ರಾಜ್ಯಮಟ್ಟದ ಆಸ್ಪತ್ರೆಗೆ ರೋಗಿಯನ್ನು ಸಾಗಿಸಲು ಸಲಕರಣೆ, ಸಿಬ್ಬಂದಿ ಇರುವ ಆಂಬುಲೆನ್ಸ್ ಇರಬೇಕು ಎಂದೂ ಹೇಳಿತು. ನಮ್ಮ ಎರಡನೆಯ ಪ್ರಯಾಣ ಎಂದರೆ ಇದೇ.

ಆದುದರಿಂದ ದೊಡ್ಡ ಆಸ್ಪತ್ರೆಗೆ ಹೋಗಿ ಎಂದಾಗ ಕೂಡಲೇ ಹೊರಗಿನ ಗಾಡಿಯ ಹತ್ತಿರ ಓಡಬೇಡಿ. ಮೊದಲು ವೈದ್ಯರನ್ನು ಈ ಮೂರು ಮಾತು ಕೇಳಿ. ಸರ್ಕಾರಿ ಆಂಬುಲೆನ್ಸ್ ಸಿಗುತ್ತದೆಯೇ? ಯಾವ ಆಸ್ಪತ್ರೆಗೆ ಹೋಗಬೇಕು, ಅಲ್ಲಿಗೆ ಮೊದಲೇ ಫೋನ್ ಮಾಡಿ ತಿಳಿಸುವಿರಾ? ದಾರಿಯಲ್ಲಿ ಆಮ್ಲಜನಕ, ಸಹಾಯಕರು ಬೇಕೇ? ಚೀಟಿ ಬರೆಸಿಕೊಂಡೇ ಹೊರಡಿ.

ಖಾಸಗಿ ಗಾಡಿ ಮಾಡುವಾಗ

ಖಾಸಗಿ ಗಾಡಿ ಅನಿವಾರ್ಯವಾದರೆ ಕೆಲವು ವಿಷಯ ತಿಳಿದಿರಬೇಕು. ಮೇಲೆ ಕೆಂಪು, ನೀಲಿ ದೀಪ ಇದ್ದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ. ಸರ್ಕಾರದ ಮಾನದಂಡದಲ್ಲಿ ಆಂಬುಲೆನ್ಸ್‌ಗಳಲ್ಲಿ ನಾಲ್ಕು ದರ್ಜೆಗಳಿವೆ. ಸ್ಥಳಕ್ಕೆ ಬೇಗ ತಲುಪಿ ಪ್ರಥಮ ಚಿಕಿತ್ಸೆ ಮಾಡುವುದು ಒಂದು. ರೋಗಿಯನ್ನು ಕೇವಲ ಮಲಗಿಸಿ ಸಾಗಿಸುವುದು ಎರಡು. ಆಮ್ಲಜನಕ ಮೊದಲಾದ ಸಾಧಾರಣ ಜೀವರಕ್ಷಕ ಸಲಕರಣೆ ಇರುವುದು ಮೂರು. ವೆಂಟಿಲೇಟರ್‌ವರೆಗೆ ಎಲ್ಲವೂ ಇರುವುದು ನಾಲ್ಕು. ಕಾಲು ಮುರಿದವನಿಗೆ ನಾಲ್ಕನೆಯದಕ್ಕೆ ದುಡ್ಡು ಕೊಡುವುದು ದಂಡ. ಉಸಿರಾಟದ ತೊಂದರೆ ಇರುವವನನ್ನು ಎರಡನೆಯದರಲ್ಲಿ ಕಳಿಸುವುದು ಅಪಾಯ. ಯಾವ ದರ್ಜೆ ಬೇಕೆಂದು ವೈದ್ಯರೇ ಹೇಳಬೇಕು. ಸಿಲಿಂಡರಿನಲ್ಲಿ ಆಮ್ಲಜನಕ ಇದೆಯೇ ಎಂದು ಹೊರಡುವ ಮುಂಚೆ ಮುಳ್ಳು ನೋಡಿ.

ಬಾಡಿಗೆಯನ್ನು ಹೊರಡುವ ಮೊದಲೇ ಬಾಯಿಬಿಟ್ಟು ಮಾತನಾಡಿ. ಕಿಲೋಮೀಟರಿಗೆ ಎಷ್ಟು, ಮರಳುವ ದಾರಿ ಸೇರಿದೆಯೇ, ಕಾಯುವ ಹೊತ್ತಿಗೆ ಎಷ್ಟು, ಆಮ್ಲಜನಕಕ್ಕೆ ಬೇರೆಯೇ ಎಂದು ಕೇಳಿ, ರಶೀದಿ ಪಡೆಯಿರಿ. ರಾಷ್ಟ್ರೀಯ ಹೆದ್ದಾರಿಯಲ್ಲಿ ಆಂಬುಲೆನ್ಸ್‌ಗೆ ಟೋಲ್ ಇಲ್ಲ. ಟೋಲ್ ಹಣ ಎಂದು ಕೇಳಿದರೆ ಕೊಡಬೇಕಾಗಿಲ್ಲ. ಕೋವಿಡ್ ಕಾಲದಲ್ಲಿ ಬಾಡಿಗೆ ಮಿತಿಮೀರಿದಾಗ, 2020ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಆಂಬುಲೆನ್ಸ್‌ಗೆ ನ್ಯಾಯವಾದ ದರ ಗೊತ್ತುಮಾಡಿ ಎಂದು ರಾಜ್ಯಗಳಿಗೆ ಹೇಳಬೇಕಾಯಿತು. ಮೊದಲೇ ದರ ಗೊತ್ತುಮಾಡಿಕೊಂಡಿರಬೇಕು ಎಂಬ ಆ ಪಾಠ ನಮ್ಮ ಊರಿಗೂ ಅನ್ವಯಿಸುತ್ತದೆ.

ರಸ್ತೆ ಅಪಘಾತ ಮತ್ತು ಕಾನೂನು

ನಮ್ಮ ಕಡೆಯವರಿಗೆ ತುಮಕೂರು–ಶಿವಮೊಗ್ಗ ಹೆದ್ದಾರಿ ದಿನನಿತ್ಯದ ದಾರಿ. ರಸ್ತೆಯಲ್ಲಿ ಬಿದ್ದವನನ್ನು ಮುಟ್ಟಿದರೆ ಪೊಲೀಸು, ಕೋರ್ಟು ಎಂಬ ಭಯ ಜನರಲ್ಲಿ ಇನ್ನೂ ಇದೆ. ಆ ಭಯ ಬಿಡಿ. 1989ರಲ್ಲೇ ಸುಪ್ರೀಂ ಕೋರ್ಟು, ಪೊಲೀಸರಿಗಾಗಿ ಕಾಯದೆ ಗಾಯಾಳುವಿಗೆ ಮೊದಲು ಚಿಕಿತ್ಸೆ ಕೊಡಬೇಕಾದುದು ಪ್ರತಿಯೊಬ್ಬ ವೈದ್ಯನ ಕರ್ತವ್ಯ ಎಂದು ತೀರ್ಪಿತ್ತಿತು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ 134ಎ ಕಲಮಿನಂತೆ, ಒಳ್ಳೆಯ ಮನಸ್ಸಿನಿಂದ ಸಹಾಯ ಮಾಡಿದವರ ಮೇಲೆ ಕೇಸು ಹಾಕುವಂತಿಲ್ಲ. ಅದೇ ಕಾಯಿದೆಯಲ್ಲಿ ಆಂಬುಲೆನ್ಸ್‌ಗೆ ದಾರಿ ಬಿಡದವರಿಗೆ 10,000 ರೂ. ವರೆಗೆ ದಂಡ ಇದೆ.

2016ರ ಫೆಬ್ರವರಿಯಲ್ಲಿ ನಮ್ಮ ನೆರೆಯ ಗುಬ್ಬಿ ತಾಲ್ಲೂಕಿನ ಹರೀಶ್ ಎಂಬ ತರುಣ ನೆಲಮಂಗಲದ ಬಳಿ ಲಾರಿಗೆ ಸಿಕ್ಕಿ ತೀರಿಕೊಂಡದ್ದು ನಿಮಗೆ ನೆನಪಿರಬಹುದು. ಆ ನೋವಿನಲ್ಲೂ ಆತ ತನ್ನ ಅಂಗಗಳನ್ನು ದಾನ ಮಾಡಿ ಎಂದು ಕೇಳಿದ್ದ. ಮರು ತಿಂಗಳೇ ರಾಜ್ಯ ಸರ್ಕಾರ ಆತನ ಹೆಸರಿನಲ್ಲಿ, ಅಪಘಾತಕ್ಕೀಡಾದವರಿಗೆ ಮೊದಲ 48 ಗಂಟೆಯ ಚಿಕಿತ್ಸೆಗೆ 25,000 ರೂ. ವರೆಗೆ ನೆರವಿನ ಯೋಜನೆಯನ್ನು ಆರಂಭಿಸಿತು. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರವೂ ಒಂದು ಯೋಜನೆ ಪ್ರಕಟಿಸಿದೆ. ಮೋಟಾರು ವಾಹನದಿಂದಾದ ರಸ್ತೆ ಅಪಘಾತಕ್ಕೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ 7 ದಿನಗಳವರೆಗೆ 1,50,000 ರೂ. ಮಿತಿಯಲ್ಲಿ ನಗದು ಕಟ್ಟದೆ ಚಿಕಿತ್ಸೆ ದೊರೆಯಬೇಕು.

ಆದರೆ ಒಂದು ಎಚ್ಚರಿಕೆ. ಇವು ರಸ್ತೆ ಅಪಘಾತಕ್ಕೆ ಮಾತ್ರ. ಮರದಿಂದ ಬಿದ್ದವರಿಗೆ ಇವು ಬರುವುದಿಲ್ಲ. ಮರ ಹತ್ತುವವರಿಗಾಗಿ ತೆಂಗು ಅಭಿವೃದ್ಧಿ ಮಂಡಳಿಯ ‘ಕೇರ ಸುರಕ್ಷಾ’ ಎಂಬ ಅಪಘಾತ ವಿಮೆ ಇದೆ. ಕಂತಿನ ದೊಡ್ಡ ಪಾಲನ್ನು ಮಂಡಳಿಯೇ ಭರಿಸುತ್ತದೆ. ಈ ವರ್ಷದ ಕಂತು, ಅರ್ಜಿ ವಿವರಗಳನ್ನು ತೋಟಗಾರಿಕೆ ಇಲಾಖೆಯಲ್ಲಿ ಅಥವಾ ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ನಿಮ್ಮ ತೋಟದಲ್ಲಿ ಕಾಯಿ ಕೆಡವುವವರ ಪಾಲನ್ನು ನೀವೇ ಕಟ್ಟಿದರೂ ತಪ್ಪೇನಿಲ್ಲ. ಅವರು ಹತ್ತುವುದು ನಿಮ್ಮ ಮರವನ್ನು.

ಗಾಡಿ ಬರುವವರೆಗೆ

ಮೊದಲನೆಯ ಪ್ರಯಾಣದಲ್ಲಿ ಹಣ ಖರ್ಚಾಗುವುದಿಲ್ಲ, ಹೊತ್ತು ಖರ್ಚಾಗುತ್ತದೆ. ಅದನ್ನು ಉಳಿಸುವುದು ನಮ್ಮ ಕೈಯಲ್ಲಿದೆ.

ನಮ್ಮ ಸೀಮೆಯಲ್ಲಿ ತೋಟದ ಮನೆಗಳು ಹೆಚ್ಚು. ಹೊರಗಿನ ಚಾಲಕನಿಗೆ ಒಂದು ತೋಟಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. 108ಕ್ಕೆ ಕರೆ ಮಾಡಿದಾಗ ಜಿಲ್ಲೆ, ತಾಲ್ಲೂಕು, ಹೋಬಳಿ, ಊರು, ಹತ್ತಿರದ ಡೇರಿ ಅಥವಾ ಶಾಲೆ, ಏನಾಗಿದೆ, ಎಷ್ಟು ಜನಕ್ಕೆ ಎಂಬುದನ್ನು ಈ ಕ್ರಮದಲ್ಲಿ ಹೇಳಿ. ಅವರು ಕೇಳುವುದು ಮುಗಿಯುವ ಮೊದಲೇ ಫೋನ್ ಇಡಬೇಡಿ. ಕರೆ ಮಾಡಿದ ಫೋನಿನಿಂದ ನೆಂಟರಿಷ್ಟರಿಗೆಲ್ಲ ಸುದ್ದಿ ಹೇಳುತ್ತಾ ಕೂರಬೇಡಿ, ಚಾಲಕ ಅದೇ ನಂಬರಿಗೆ ಫೋನ್ ಮಾಡುತ್ತಾನೆ. ಒಬ್ಬ ಹುಡುಗನನ್ನು ಮುಖ್ಯರಸ್ತೆಯ ತಿರುವಿನಲ್ಲಿ ನಿಲ್ಲಿಸಿ, ರಾತ್ರಿಯಾದರೆ ಕೈಗೆ ಟಾರ್ಚ್ ಕೊಡಿ. ತೋಟದ ಬಂಡಿದಾರಿಗೆ ಅಡ್ಡ ಬಿದ್ದ ಗರಿ, ಪೇರಿಸಿದ ಮಟ್ಟೆ ಇದ್ದರೆ ಈ ವಾರವೇ ತೆಗೆಸಿ.

ಮರದಿಂದ ಬಿದ್ದವರನ್ನು ಬೆಂಕಿ, ನೀರಿನಂತಹ ಅಪಾಯವಿಲ್ಲದಿದ್ದರೆ ಬಿದ್ದಲ್ಲಿಂದ ಕದಲಿಸಬೇಡಿ. ತೋಳು ಕಾಲು ಹಿಡಿದು ಎತ್ತಲೇಬಾರದು. ಕೂರಿಸಿ ನೀರು ಕುಡಿಸಬಾರದು. ಎತ್ತಲೇಬೇಕಾದರೆ ನಾಲ್ವರು ಬೇಕು. ಒಬ್ಬರು ತಲೆ ಕತ್ತುಗಳನ್ನು ಅಲುಗದಂತೆ ಹಿಡಿದು, ಉಳಿದವರು ಮೈಯನ್ನು ಒಂದೇ ದಿಮ್ಮಿಯಂತೆ ಒಟ್ಟಿಗೆ ಹೊರಳಿಸಿ, ಕೆಳಗೆ ಗಟ್ಟಿ ಹಲಗೆ ಸರಿಸಬೇಕು. ಹಲಗೆ ಇಲ್ಲದಿದ್ದರೆ ಬಾಗಿಲು ಆಗುತ್ತದೆ. ರಕ್ತ ಸೋರುತ್ತಿದ್ದರೆ ಶುಭ್ರವಾದ ಬಟ್ಟೆಯಿಂದ ಒತ್ತಿ ಹಿಡಿಯಿರಿ.

ಗರಿ, ಮಟ್ಟೆಯ ರಾಶಿಯಲ್ಲಿ ಕೊಳಕುಮಂಡಲ ಸೇರಿಕೊಳ್ಳುವುದು ನಿಮಗೆ ಗೊತ್ತು. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ಬಾಯಿಂದ ಹೀರಬೇಡಿ. ಕಚ್ಚಿದ ಕೈ ಅಥವಾ ಕಾಲು ಅಲುಗದಂತೆ ಇಟ್ಟು, ಕಚ್ಚಿದ ಹೊತ್ತನ್ನು ನೆನಪಿಟ್ಟುಕೊಂಡು, ವಿಷನಿರೋಧಕ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಹೋಗಿ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೂ ಒಂದೇ ಮದ್ದು ಬಳಸುತ್ತಾರೆ. ಹಾವನ್ನು ಹೊಡೆದು ತರುತ್ತೇವೆಂದು ಹೊತ್ತು ಕಳೆಯಬೇಡಿ.

ಊರಿನ ತುರ್ತು ನಿಧಿ

ಆಂಬುಲೆನ್ಸ್ ಕೊಳ್ಳಬೇಡಿ ಎಂದೆ. ಹಾಗಾದರೆ ಮಾಡಬೇಕಾದದ್ದೇನು? ಎರಡನೆಯ ಪ್ರಯಾಣದ ರಾತ್ರಿ ಯಾರ ಅಟ್ಟವೂ ಇಳಿಯದಂತೆ ಒಂದು ನಿಧಿ ಮಾಡಿ. ಇದಕ್ಕೂ ಆಯದ ಕ್ರಮವೇ ಸಾಕು. ಮನೆಗೆ ವರ್ಷಕ್ಕೆ 20 ತೆಂಗಿನಕಾಯಿ ಎಂದಿಟ್ಟುಕೊಳ್ಳೋಣ. 150 ಮನೆಯಿಂದ 3,000 ಕಾಯಿ. ಕಾಯಿಗೆ 15 ರೂ. ಹಿಡಿದರೂ 45,000 ರೂ. ಆಯಿತು. ತೋಟವಿಲ್ಲದವರು ತಮ್ಮ ಶಕ್ತಿಯಂತೆ ಕೊಡಲಿ. ಕೊಡಲಾಗದವರಿಗೂ ನಿಧಿ ತೆರೆದಿರಲಿ. ಮರದಿಂದ ಬೀಳುವವರು ಹೆಚ್ಚಾಗಿ ತೋಟವಿಲ್ಲದವರೇ.

ನಿಧಿಗೆ ಈ ಐದು ನಿಯಮ ಸಾಕು.

1. ಹಣ ಹಾಲು ಉತ್ಪಾದಕರ ಸಂಘದ ಅಥವಾ ಸ್ತ್ರೀಶಕ್ತಿ ಸಂಘದ ಮುಖಾಂತರ ಬ್ಯಾಂಕಿನಲ್ಲಿರಲಿ. ಮಧ್ಯರಾತ್ರಿ ಬ್ಯಾಂಕು ತೆರೆದಿರುವುದಿಲ್ಲ, ಆದುದರಿಂದ 10,000 ರೂ. ಊರಲ್ಲೇ ಒಬ್ಬರ ಬಳಿ ನಗದಾಗಿರಲಿ.

2. ಆ ರಾತ್ರಿ ಪ್ರಶ್ನೆ ಕೇಳದೆ ಕೊಡಬೇಕು. ಲೆಕ್ಕ ಮರುದಿನ.

3. ಕೊಟ್ಟದ್ದು ಬಡ್ಡಿಯಿಲ್ಲದ ಸಾಲ. ಕೊಬ್ಬರಿ ಮಾರಿದ ಮೇಲೆ ಕಂತಿನಲ್ಲಿ ಹಿಂತಿರುಗಿಸಬೇಕು. ತೀರಾ ಅಶಕ್ತರಾದರೆ ಊರಿನವರು ಕುಳಿತು ಬಿಟ್ಟುಕೊಡಬಹುದು.

4. ಊರಿನಲ್ಲಿ ಕಾರು, ಜೀಪು ಇರುವ ನಾಲ್ಕೈದು ಮಂದಿಯ ಹೆಸರು, ಫೋನ್ ನಂಬರು, ತಿಪಟೂರಿಗೆ, ತುಮಕೂರಿಗೆ, ಬೆಂಗಳೂರಿಗೆ ಎಷ್ಟು ಬಾಡಿಗೆ ಎಂಬುದನ್ನು ಮೊದಲೇ ಮಾತನಾಡಿ ಡೇರಿಯ ಗೋಡೆಯ ಮೇಲೆ ಬರೆಸಿ. ಜೊತೆಗೆ 108 ಎಂದೂ, ಪೊಲೀಸ್ ಮೊದಲಾದ ತುರ್ತಿಗೆ 112 ಎಂದೂ, ದನಕರುಗಳ ಚಿಕಿತ್ಸೆಗೆ ಪಶು ಸಂಜೀವಿನಿಯ 1962 ಎಂದೂ ಬರೆಸಿ.

5. ವರ್ಷಕ್ಕೊಮ್ಮೆ ಊರ ಮುಂದೆ ಲೆಕ್ಕ ಓದಬೇಕು.

ಒಂದು ನೋಟ್ ಪುಸ್ತಕ

ಕೊನೆಯದಾಗಿ, ನಾನು ನಿಮ್ಮಿಂದ ಕೇಳುವುದು ಒಂದು ನೋಟ್ ಪುಸ್ತಕ. ಮಳೆ ಎಷ್ಟು ಬಿತ್ತು, ಗೊಬ್ಬರ ಎಷ್ಟು ಹಾಕಿದೆ ಎಂದು ಬರೆದಿಡಿ ಎಂದು ನಾನು ಯಾವಾಗಲೂ ಹೇಳುತ್ತೇನೆ. ಇದನ್ನೂ ಹಾಗೆಯೇ ಬರೆದಿಡಿ. 108ಕ್ಕೆ ಯಾವ ದಿನ, ಎಷ್ಟು ಗಂಟೆಗೆ ಕರೆ ಮಾಡಿದಿರಿ, ಗಾಡಿ ಎಷ್ಟು ಗಂಟೆಗೆ ಬಂತು, ಎಲ್ಲಿಂದ ಬಂತು, ಬರಲಿಲ್ಲವಾದರೆ ಏನು ಉತ್ತರ ಬಂತು, ದೊಡ್ಡ ಆಸ್ಪತ್ರೆಗೆ ಹೋಗಲು ಯಾವ ಗಾಡಿ ಸಿಕ್ಕಿತು, ಎಷ್ಟು ಹಣ ಆಯಿತು. ಇಷ್ಟೇ ಸಾಕು. ಗ್ರಾಮಸಭೆಯಲ್ಲಿ ಎದ್ದು “ಗಾಡಿ ಬರುವುದೇ ಇಲ್ಲ” ಎಂದರೆ, “ಬರುತ್ತದೆ” ಎಂದು ಉತ್ತರ ಬರುತ್ತದೆ. ಒಂದು ವರ್ಷದ ಪುಸ್ತಕವನ್ನು ತಾಲ್ಲೂಕು ಆರೋಗ್ಯಾಧಿಕಾರಿಗಳ ಮುಂದೆ ಇಟ್ಟು, ಇಷ್ಟು ಸಲ ಕರೆದೆವು, ಇಷ್ಟು ಸಲ ಗಾಡಿ ತುಮಕೂರಿಗೆ ಹೋಗಿತ್ತು, ಎರಡನೆಯ ಪ್ರಯಾಣಕ್ಕೆ ಇನ್ನೊಂದು ಗಾಡಿ ಬೇಕು ಎಂದರೆ, ಆ ಮಾತಿಗೆ ಬೇರೆ ತೂಕ. ಗ್ರಾಮ ಸೇವೆಯಲ್ಲಿರುವ ನನ್ನ ಸಹೋದ್ಯೋಗಿಗಳು ಸುತ್ತಲಿನ ಹತ್ತು ಹಳ್ಳಿಯ ಪುಸ್ತಕಗಳನ್ನು ಒಟ್ಟುಗೂಡಿಸಿದರೆ ಇನ್ನೂ ಒಳ್ಳೆಯದು.

ಕೆರೆಯ ಏರಿಯ ಮೇಲೆ ಎಚ್ಚರವಾಗಿರಲು ಒಬ್ಬರನ್ನು ಇಟ್ಟವರು ನಮ್ಮ ಹಿರಿಯರು. ಇಟ್ಟು ಸುಮ್ಮನಾಗಲಿಲ್ಲ, ರಾತ್ರಿ ಎದ್ದು ಹೋಗಿ ಆತ ಎಚ್ಚರವಾಗಿದ್ದಾನೆಯೇ ಎಂದು ನೋಡಿಯೂ ಬರುತ್ತಿದ್ದರು. ನಾವು ಮಾಡಬೇಕಾದುದೂ ಅಷ್ಟೇ. ಆಯ ಕೊಡೋಣ, ಎಚ್ಚರವಾಗಿದ್ದಾರೆಯೇ ಎಂದು ನೋಡೋಣ.

ಮುಂದಿನ ವರ್ಷ ಕಾಯಿ ಕೆಡವುವ ಹೊತ್ತಿಗೆ ಮತ್ತೆ ಬರುತ್ತೇನೆ. ಆಗ ನುಸಿಯ ಬಗ್ಗೆ ಮಾತನಾಡುವುದಕ್ಕೆ ಮೊದಲು ಆ ಪುಸ್ತಕವನ್ನು ತೋರಿಸಿ ಎಂದು ಕೇಳುತ್ತೇನೆ.